ಗೂಟ ಕಿತ್ತು ಮತ್ತೆ ಊರಿದ ರಾತ್ರಿ

ಜೀಪು ತಿರುಗುವ ಜಾಗದಿಂದ ಮುಂದೆ ಕಾಲೇ ಗತಿ.
ಇಪ್ಪತ್ತು ನಿಮಿಷ ಅಂದಿದ್ದರು, ನಮಗೆ ಮುಕ್ಕಾಲು ಗಂಟೆ ಹಿಡಿಯಿತು.
ನನ್ನ ತಲೆಯ ಮೇಲೆ ಡೇರೆ,
ರುಖಿಯಾಳ ಹೆಗಲಲ್ಲಿ ಅವಳ ಉಮ್ಮ ಕಟ್ಟಿಕೊಟ್ಟ ಪತ್ತಿರಿ.
ಹೊಳೆ ಕಾಣುವ ಮೊದಲೇ ಅದರ ಸದ್ದು,
ಯಾರೋ ಹೊಸ ಸೀರೆಯ ಮಡಿಕೆ ಬಿಡಿಸಿದ ಹಾಗೆ.

ಡೇರೆ ನಾನೇ ಹೊಲಿದದ್ದು,
ಬೋವಿಕ್ಕಾನದ ಅಂಗಡಿಯಲ್ಲಿ, ಶಾಲೆ ಡ್ಯಾನ್ಸಿನ
ಮಿನುಗು ಲಂಗಗಳೆಲ್ಲ ಹೋಗಿಯಾದ ಮೇಲೆ,
ಮಕರದ ಖಾಲಿ ದಿನಗಳಲ್ಲಿ.
ಮೇಲಕ್ಕೆ ಕೊಡೆ ರಿಪೇರಿಯ ಮೊಯ್ದು ಬಿಟ್ಟುಹೋದ ಕರಿ ಥಾನು,
ಅಡಿಗೆ ಹಳೇ ಫ್ಲೆಕ್ಸು. ಯಾವನೋ ಅಭ್ಯರ್ಥಿಯ ಅರ್ಧ ನಗು
ಇನ್ನೂ ಉಂಟು ಅದರಲ್ಲಿ, ಮಲಗಿದರೆ ಬೆನ್ನಡಿಗೆ.
ಮೂವತ್ತೊಂದು ವರ್ಷ ಊರವರ ಮೈಗೆಲ್ಲ ಟೇಪು ಹಿಡಿದವಳು
ಮೊದಲ ಸಲ ನನ್ನನ್ನೇ ಅಳೆಸಿಕೊಂಡೆ,
ಕತ್ತರಿಸಿದ ಚೂರುಗಳ ನಡುವೆ ನೆಲಕ್ಕೆ ಮಲಗಿ.
"ಅರುವತ್ತೊಂದು ಇಂಚು, ಅಕ್ಕ.
ನಿದ್ದೆಗೆ ಲೂಸು ಎಷ್ಟು ಇಡುವಾ?"

ದಡದಲ್ಲಿ ಐದೇ ಜಾಗ, ಕಲ್ಲಿನ ಮೇಲೆ ಸುಣ್ಣದ ನಂಬರು.
ಬೋರ್ಡಿನಲ್ಲಿ ಮಲಯಾಳದ ಕೆಳಗೆ ಕನ್ನಡ:
ಬೆಂಕಿ ಹಾಕಬರದು.
ರುಖಿಯಾ ಟೈಲರ್ ಚಾಕು ತೆಗೆದು ಬಕಾರಕ್ಕೊಂದು ಇಳಿ ಕೊಟ್ಟಳು,
ಗಿಡ್ಡವಾದ ಲಂಗದ ಅಂಚು ಬಿಚ್ಚಿ ಇಳಿಸಿದ ಹಾಗೆ.

ನಾಲ್ಕೂ ಗೂಟ ಊರಿ, ಹಗ್ಗ ಬಿಗಿದು,
ದೂರ ನಿಂತು ಫಿಟ್ಟಿಂಗ್ ನೋಡುವ ಹೊತ್ತಿಗೆ
ಕಾವಲಿನ ಅಂಬಾಡಿ ಬಂದ, ಕಿವಿಯ ಸಂದಿಗೆ ಬೀಡಿ.
"ಅಲ್ಲಿ ಬೇಡ. ಮರಳಿನಡಿ ಮೊಟ್ಟೆ ಇದ್ದರೂ ಇದ್ದೀತು."
ಯಾರ ಮೊಟ್ಟೆ?
"ಪಾಲಪ್ಪೂವನ್." ಆಮೆಯಂತೆ. ಮೆತ್ತನೆ ಬೆನ್ನಂತೆ.
ತೋಳು ಎರಡೂ ಅಗಲಿಸಿದ: ಇಷ್ಟು.
ಹೊಳೆಯ ತಳದಲ್ಲಿ ಮರಳು ಹೊದ್ದು ಬಿದ್ದುಕೊಂಡಿರುತ್ತದಂತೆ,
ದಿನಕ್ಕೆ ಎರಡೇ ಸಲ ಮೂಗು ಮೇಲೆ,
ಒಂದು ಉಸಿರು,
ಮತ್ತೆ ಕೆಳಗೆ.
ನಿನಗೆ ಕಂಡದ್ದುಂಟಾ?
"ಅಪ್ಪನಿಗೆ ಕಂಡಿದೆ. ನನಗೆ ಹರಿದ ಬಲೆ ಮಾತ್ರ."

ಗೂಟ ಕಿತ್ತೆವು. ಸ್ವಲ್ಪ ಮೇಲೆ ಊರಿದರೆ ಇರುವೆಗೂಡು,
ಅದರಾಚೆ ಹೊಳೆಮತ್ತಿಯ ಬೇರು.
ಕೊನೆಗೆ ಮೂರನೇ ನಂಬರಿನ ಕಲ್ಲಿಗೆ ಒತ್ತಿ, ಓರೆಯಾಗಿ.
ಬಿಚ್ಚಿ ಹೊಲಿಯುವುದು ನನಗೇನು ಹೊಸತಲ್ಲ,
ಆದರೂ ಬಾಯಲ್ಲಿ ಒಂದು ಬೈಗುಳ ಬಂತು, ತುಳುವಿನಲ್ಲಿ.

ರಾತ್ರಿ ಡೇರೆಯ ಬಾಯಿ ತೆರೆದಿಟ್ಟು ಕೂತೆವು.
ಇಲ್ಲಿ ಪಯಸ್ವಿನಿ, ಕೆಳಗೆ ಹೋದರೆ ಇದೇ ನೀರು ಚಂದ್ರಗಿರಿ.
ಎಲ್ಲಿ ಹೆಸರು ಬದಲುವುದು ಅಂತ ಕೇಳಿದ್ದಕ್ಕೆ
ಅಂಬಾಡಿ ನಕ್ಕಿದ್ದ. "ಹೊಳೆಗೆ ಗೊತ್ತುಂಟಾ?"

ಪತ್ತಿರಿ ಮುಗಿಯಿತು. ರುಖಿಯಾ ನೀರನ್ನೇ ನೋಡುತ್ತಾ,
"ಅಕ್ಕ, ಮುಳ್ಳೇರಿಯದಲ್ಲಿ ಒಂದು ಕೋಣೆ ಹಿಡಿದಿದ್ದೇನೆ.
ಅಡ್ವಾನ್ಸು ಕೊಟ್ಟು ಎರಡು ತಿಂಗಳಾಯ್ತು."

ಎರಡು ತಿಂಗಳು.
ಕಾಜ ಮಾಡುತ್ತಾ, ಹುಕ್ಕು ಇಡುತ್ತಾ,
ನನ್ನ ಸೊಂಟಕ್ಕೆ ಟೇಪು ಸುತ್ತುತ್ತಾ ಕೂಡ.

ಆಗಲೇ ಹೊಳೆಯ ನಡುವಿನಿಂದ ಅದು:
ಫುಸ್ಸ್.
ಇಸ್ತ್ರಿಯಡಿ ಒದ್ದೆ ಬಟ್ಟೆಯ ಸದ್ದಿನಷ್ಟು.
ಟಾರ್ಚು ಹಾಕಿದರೆ ಬರೀ ಸುಳಿ, ಅದೂ ಅಳಿಸುತ್ತಿತ್ತು.
ನೀರುನಾಯಿ ಇರಬಹುದು. ಮೀನಿರಬಹುದು.

ತುಂಬಾ ಹೊತ್ತಾದ ಮೇಲೆ ಕೇಳಿದೆ:
ಬಾಗಿಲು ಯಾವ ಕಡೆ? ಬೆಳಿಗ್ಗೆ ಬಿಸಿಲು ಬರುತ್ತದಾ,
ಸೂಜಿಗೆ ನೂಲು ಪೋಣಿಸುವಷ್ಟು?
"ಮೂಡಕ್ಕೆ" ಅಂದಳು. ಅಷ್ಟಕ್ಕೇ ಅಳು ಬಂತು ಅವಳಿಗೆ.
ಹಳೇ ಮೆಷಿನಿನ ಮಾತು ನಾನು ಎತ್ತಲಿಲ್ಲ, ಆ ರಾತ್ರಿ.

ಬೆಳಿಗ್ಗೆ, ಮೊದಲು ಊರಿದ್ದ ನಾಲ್ಕು ತೂತಿನಲ್ಲೂ
ನೀರು ಜಿನುಗಿ ನಿಂತಿತ್ತು.
ಅವಳು ಮೊಣಕಾಲೂರಿ ಒಂದೊಂದಕ್ಕೂ ಮರಳು ತುಂಬಿದಳು,
ಬೆರಳ ತುದಿಯಲ್ಲಿ ಮೆಲ್ಲಗೆ ಉಜ್ಜಿದಳು,
ಟ್ರಯಲ್ ನೋಡಿ ಪಿನ್ನು ತೆಗೆದ ಮೇಲೆ
ರೇಷ್ಮೆಯ ಮೇಲೆ ಉಜ್ಜಲು ನಾನು ಕಲಿಸಿದ್ದೆನಲ್ಲ,
ಹಾಗೇ.